ಸಾಲವನ್ನೇ ಸಿರಿಯೆಂದು ಎಣಿಸಿದರೆ: ಗದಗ ಸೀಮೆಯಲ್ಲಿ ಮನೆಯ ಅರ್ಹತೆ



ನನ್ನ ಸೇವೆಯ ಬಹುಭಾಗ ಈ ಜಿಲ್ಲೆಯ ಹಳ್ಳಿ ಶಾಖೆಗಳಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ ಕಳೆಯಿತು. ಹಾಗಾಗಿ ನನಗೆ ಗೊತ್ತಿರುವ ವಿಷಯವನ್ನೇ ಈ ದತ್ತಿ ಉಪನ್ಯಾಸಕ್ಕೆ ಆಯ್ದುಕೊಂಡಿದ್ದೇನೆ. ಸರ್ಕಾರದ ನೆರವಿನಿಂದ ಮನೆ ಕಟ್ಟಿಕೊಳ್ಳಲು, ಸರ್ಕಾರದ ಬಡ್ಡಿ ರಿಯಾಯಿತಿಯಲ್ಲಿ ಗೃಹಸಾಲ ಪಡೆಯಲು ನಮ್ಮಲ್ಲಿ ಯಾರು ಅರ್ಹರು, ಯಾರು ಅಲ್ಲ, ಆ ಗೆರೆಯನ್ನು ಎಳೆದ ಬಗೆ ಸರಿಯೇ ಎಂಬುದು ಇಂದಿನ ಮಾತು.

ಇದನ್ನು ಕಣಗಿನಹಾಳದಿಂದಲೇ ಶುರುಮಾಡಬೇಕು. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ತಾಲ್ಲೂಕಿನ ಆ ಊರಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುವ ಸಂಘ ಅದು. ಆ ಹಿರಿಯರು ಮಾಡಿದ ಕೆಲಸದ ತಿರುಳು ಇಷ್ಟು: ಬಿತ್ತನೆಗೆ ಕೈಸಾಲ ಬೇಕಾದ ರೈತ ಸಾಹುಕಾರನ ಮನೆಯ ಕಟ್ಟೆ ಕಾಯಬೇಕಾಗಿಲ್ಲ, ತನ್ನನ್ನು ಬಲ್ಲ ಊರವರಿಂದಲೇ ಮರ್ಯಾದೆಯಿಂದ ಸಾಲ ಪಡೆಯಬಹುದು. ಸಾಲ ಎತ್ತುವುದು ಒಕ್ಕಲುತನದ ಒಂದು ಸಹಜ ಭಾಗ, ಕಳೆ ತೆಗೆದಂತೆ, ಗೊಬ್ಬರ ಹೇರಿದಂತೆ ಎಂಬುದನ್ನು ಅವರು ಒಪ್ಪಿಸಿದರು. ಆ ನೆಲದಲ್ಲೇ ಇಂದು ಬೆಳೆಸಾಲದ ಕಾರ್ಡಿದ್ದ ಕಾರಣಕ್ಕೆ ರೈತನೊಬ್ಬನ ಹೆಸರು ಮನೆಯ ಪಟ್ಟಿಯಿಂದ ಹೊರಗೆ ಬೀಳುತ್ತದೆ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗ 2016ರಲ್ಲಿ ಹಳೆಯ ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ ಬಂತು. ಯಾರಿಗೆ ಮನೆ ಸಿಗಬಾರದು ಎಂಬುದಕ್ಕೆ ಅದರಲ್ಲಿ 13 ಅಂಶಗಳಿದ್ದವು. ಮೋಟರ್‌ಸೈಕಲ್ ಇದ್ದವರಿಗಿಲ್ಲ, ಫ್ರಿಜ್ ಇದ್ದವರಿಗಿಲ್ಲ, ಮನೆಯಲ್ಲಿ ಟೆಲಿಫೋನ್ ತಂತಿ ಇದ್ದವರಿಗಿಲ್ಲ. 2024ರಲ್ಲಿ ಯೋಜನೆಯನ್ನು ಇನ್ನೂ ಐದು ವರ್ಷ ಮುಂದುವರಿಸಿ, ದೇಶದಲ್ಲಿ ಮತ್ತೆ 2 ಕೋಟಿ ಮನೆ ಕಟ್ಟುವುದೆಂದು ತೀರ್ಮಾನವಾದಾಗ ಈ ಅಂಶಗಳನ್ನು ಹತ್ತಕ್ಕೆ ಇಳಿಸಿದರು. ಮೋಟರ್‌ಸೈಕಲ್, ಫ್ರಿಜ್, ಫೋನ್ ಬಿಟ್ಟರು. ಮನೆಯ ಒಬ್ಬ ಸದಸ್ಯನ ತಿಂಗಳ ದುಡಿಮೆ 10 ಸಾವಿರ ದಾಟಬಾರದು ಎಂದಿದ್ದನ್ನು 15 ಸಾವಿರಕ್ಕೆ ಏರಿಸಿದರು. ಒಳ್ಳೆಯ ತಿದ್ದುಪಡಿ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಂದು ಸಾಲನ್ನು ಯಾರೂ ಮುಟ್ಟಲಿಲ್ಲ. 50 ಸಾವಿರ ರೂಪಾಯಿ ಅಥವಾ ಅದಕ್ಕೂ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದ ಕುಟುಂಬಕ್ಕೆ ಮನೆ ಇಲ್ಲ ಎನ್ನುವ ಸಾಲು ಅದು. 2011ರ ಸಾಮಾಜಿಕ-ಆರ್ಥಿಕ ಗಣತಿಯ ಕಾಲದ ಆ ಅಂಕಿ ಇವತ್ತಿಗೂ ಹಾಗೇ ಕೂತಿದೆ.

ಕಾರ್ಡಿನ ಮಿತಿ ಹೇಗೆ ಬರುತ್ತದೆ ಎಂಬುದನ್ನು ನಿಮ್ಮೆದುರು ಬಿಡಿಸಿ ಇಡುತ್ತೇನೆ; ನಾನು ವರ್ಷಗಟ್ಟಲೆ ಕೈಯಿಂದ ಬರೆದ ಲೆಕ್ಕವಿದು. ಯಾವ ಬೆಳೆಗೆ ಎಕರೆಗೆ ಎಷ್ಟು ಖರ್ಚು ಎಂಬುದನ್ನು ಜಿಲ್ಲಾ ಮಟ್ಟದ ಸಮಿತಿ ಪ್ರತಿವರ್ಷ ಗೊತ್ತುಮಾಡುತ್ತದೆ. ಅದನ್ನು ಹೊಲದ ವಿಸ್ತೀರ್ಣಕ್ಕೆ ಗುಣಿಸಬೇಕು. ಸುಗ್ಗಿಯ ನಂತರದ ಖರ್ಚು, ಮನೆಖರ್ಚು ಎಂದು ಅದರ ಮೇಲೆ ಶೇ 10 ಸೇರಿಸಬೇಕು. ಬಾವಿ, ಬದು, ಸಲಕರಣೆಗಳ ದುರಸ್ತಿಗೆಂದು ಮತ್ತೆ ಶೇ 20. ವಿಮೆಯ ಕಂತು ಬೇರೆ. ಬೀಜ, ಗೊಬ್ಬರ, ಆಳಿನ ದರ ಏರಿದಂತೆ ಈ ಮಿತಿ ತಾನಾಗಿ ಏರುತ್ತದೆ. ಉಳ್ಳಾಗಡ್ಡಿಯನ್ನೋ ಮೆಣಸಿನಕಾಯಿಯನ್ನೋ ಹಾಕುವ ರೈತನಿಗೆ 50 ಸಾವಿರ ದಾಟಲು ದೊಡ್ಡ ಹೊಲವೇನೂ ಬೇಕಿಲ್ಲ. ಅಂದರೆ ಒಕ್ಕಲುತನ ದುಬಾರಿಯಾದಷ್ಟೂ ರೈತ ಕಾಗದದ ಮೇಲೆ ಶ್ರೀಮಂತನಾಗುತ್ತ ಹೋಗುತ್ತಾನೆ. ರಿಸರ್ವ್ ಬ್ಯಾಂಕು 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿಸಾಲಕ್ಕೆ ಏನನ್ನೂ ಅಡವು ಕೇಳಬೇಡಿ ಎಂದು ಬ್ಯಾಂಕುಗಳಿಗೆ ಹೇಳಿದೆ. ಅಷ್ಟು ಪಡೆಯುವವನು ಸಣ್ಣ ರೈತ, ಅವನನ್ನು ಕಾಡಬಾರದು ಎಂಬ ಕಾಳಜಿ ಅಲ್ಲಿದೆ. ಒಂದೇ ದೇಶದ ಒಂದು ನಿಯಮಕ್ಕೆ 2 ಲಕ್ಷದ ಸಾಲಗಾರ ಆಸರೆ ಬೇಕಾದವನು, ಇನ್ನೊಂದಕ್ಕೆ 50 ಸಾವಿರದವನೇ ಉಳ್ಳವನು.

ಮುಂಡರಗಿ ಕಡೆಯ ರೈತ ಹೆಣ್ಣುಮಗಳೊಬ್ಬಳು ನನ್ನ ಮೇಜಿನ ಮುಂದೆ ನಿಂತು ಆಡಿದ ಮಾತು ಇದು: “ಸಾಹೇಬ್ರ, ಸಾಲ ಐತಿ ಅಂತ ಪಂಚಾಯ್ತ್ಯಾಗ ಮನಿ ಕೊಡವಲ್ಲರು. ಉತಾರ ನಿನ್ನ ಹೆಸರಿಲೆ ಇಲ್ಲ ಅಂತ ನೀವು ಮನಿಸಾಲ ಕೊಡವಲ್ಲರಿ. ನಾ ಯಾವ ಬಾಗಲಾ ಬಡೀಲಿ?” ಆಕೆಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಈ ಉಪನ್ಯಾಸವೆಲ್ಲ ಆ ಪ್ರಶ್ನೆಗೇ ಸಂಬಂಧಿಸಿದ್ದು.

ಜಮೀನಿನ ಲೆಕ್ಕಕ್ಕೆ ಬರೋಣ. ಎರಡೂವರೆ ಎಕರೆ ಅಥವಾ ಅದಕ್ಕೂ ಹೆಚ್ಚು ನೀರಾವರಿ, ಇಲ್ಲವೇ ಐದು ಎಕರೆ ಅಥವಾ ಅದಕ್ಕೂ ಹೆಚ್ಚು ಒಣಬೇಸಾಯದ ಹೊಲ ಇದ್ದವರಿಗೆ ಮನೆ ಇಲ್ಲ. ದಿಲ್ಲಿಯಲ್ಲಿ ಕೂತು ಬರೆದಾಗ ಐದೆಕರೆ ದೊಡ್ಡದಾಗಿ ಕಂಡಿರಬೇಕು. ಕಪ್ಪತಗುಡ್ಡದ ಆಚೀಚೆ ಮಸಾರಿ ಹೊಲದಲ್ಲಿ ಶೇಂಗಾ ಬಿತ್ತಿ ಮುಗಿಲು ನೋಡುವವರನ್ನು ಕೇಳಿ, ಎರೆಹೊಲದಲ್ಲಿ ಹೆಸರು ಹಾಕಿ ಹಿಂಗಾರಿಗೆ ಕಡಲೆಯನ್ನೋ ಬಿಳಿಜೋಳವನ್ನೋ ನಂಬಿದವರನ್ನು ಕೇಳಿ. ಮಳೆ ಕೈಕೊಟ್ಟ ವರ್ಷ ಐದೆಕರೆಯ ಒಡೆಯನೇ ಉದ್ಯೋಗ ಖಾತ್ರಿಯಲ್ಲಿ ಬದು ಹಾಕಲು ಹೋಗುತ್ತಾನೆ. ತುಂಗಭದ್ರೆ ಮುಂಡರಗಿಯ ಮಗ್ಗುಲಲ್ಲೇ ಹರಿಯುತ್ತಾಳೆ, ಸಿಂಗಟಾಲೂರು ಏತ ನೀರಾವರಿಯ ಹೆಸರು ನಮಗೆಲ್ಲ ಬಾಯಿಪಾಠ. ನೀರು ಬಂದ ಹೊಲ, ಬಾರದ ಹೊಲ ಎರಡೂ ಒಂದೇ ತಾಲ್ಲೂಕಿನಲ್ಲಿವೆ; ಇಡೀ ದೇಶದ ಒಣಭೂಮಿಗೆಲ್ಲ ಐದೆಕರೆ ಎಂಬ ಒಂದೇ ಗೆರೆ ಎಳೆದರೆ ಅದು ನ್ಯಾಯದ ಗೆರೆ ಆಗಲಾರದು.

ಇನ್ನು ಮನೆಯನ್ನೇ ನೋಡುವ ಕಣ್ಣು. ಕಚ್ಚಾ ಗೋಡೆ, ಕಚ್ಚಾ ಛಾವಣಿ, ಎರಡು ಕೋಣೆ ಮೀರಬಾರದು ಎಂಬುದು ಅಳತೆ. ನಮ್ಮ ಮೇಲ್ಮುದ್ದಿ ಮನೆಗಳನ್ನು ಈ ಅಳತೆಗೆ ಹಚ್ಚಿ ನೋಡಿ. ದಪ್ಪ ಕಲ್ಲಿನ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಮುಂದೆ ದನ ಕಟ್ಟುವ ಜಾಗ, ಮೇಲೆ ಪಡಸಾಲೆ, ಒಳಗೆ ಅಡಿಗೆಮನೆ. ಕೋಣೆ ಎಣಿಸಿದರೆ ಮೂರಾಗುತ್ತದೆ, ಗೋಡೆ ತಟ್ಟಿದರೆ ಗಟ್ಟಿ ಎನ್ನಿಸುತ್ತದೆ. ಆದರೆ ನಾಲ್ಕು ದಿನ ಬಿಡದೆ ಹಿಡಿದ ಮಳೆಗೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗಿ, ಹುಳ ತಿಂದ ಜಂತಿ ಮುರಿದು, ಮಲಗಿದವರ ಮೇಲೆ ಬೀಳುತ್ತದೆ. 2019ರ ನೆರೆಯಲ್ಲಿ ಪೂರ್ಣ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತು. ದೊಡ್ಡ ಮೊತ್ತ, ದೊಡ್ಡ ಮನಸ್ಸು. ಬಿದ್ದ ಮೇಲೆ 5 ಲಕ್ಷ ಕೊಡುವ ವ್ಯವಸ್ಥೆ, ಬೀಳಲಿರುವ ಮನೆಯ ಮುಂದೆ ನಿಂತು ಕೋಣೆ ಮೂರಿವೆ ಎಂದು ಹೇಳಿ ಹೋಗುತ್ತದಲ್ಲ ಎಂಬುದು ನನ್ನ ಸಂಕಟ.

ರಾಜ್ಯದ ಯೋಜನೆಗಳನ್ನೂ ಹೇಳಬೇಕು. 1990ರ ದಶಕದ ಆಶ್ರಯ ಮನೆಗಳನ್ನು ನಮ್ಮ ಜನ ಇನ್ನೂ ‘ಆಶ್ರಯ ಮನಿ’ ಎಂದೇ ಕರೆಯುತ್ತಾರೆ. ಅದಕ್ಕೂ ಹಿಂದಿನ ಜನತಾ ಮನೆಗಳ ಓಣಿಗೆ ‘ಜನತಾ ಪ್ಲಾಟ್’ ಎಂಬ ಹೆಸರು ನಿಂತುಬಿಟ್ಟಿದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ 2000ದಲ್ಲಿ ಹುಟ್ಟಿತು. ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಪಟ್ಟಣಗಳಿಗೆ ವಾಜಪೇಯಿ ನಗರ ವಸತಿ ಎಲ್ಲವೂ ಅದರ ಮೂಲಕ ಬರುತ್ತವೆ. ಹಳ್ಳಿಯಲ್ಲಿ ಗ್ರಾಮಸಭೆ ಆಯ್ಕೆ ಮಾಡಬೇಕು, ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಇಲ್ಲಿ ಬಹುಕಾಲ ಗ್ರಾಮೀಣ ಕುಟುಂಬದ ಆದಾಯ ಮಿತಿ ವರ್ಷಕ್ಕೆ 32 ಸಾವಿರ ಇತ್ತು. ದಿನಕ್ಕೆ 88 ರೂಪಾಯಿಯೂ ಆಗದು. 2021-22ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 289 ರೂಪಾಯಿ. ಆ ದರದಲ್ಲಿ 111 ದಿನ ಕೂಲಿ ಸಿಕ್ಕರೆ ಒಬ್ಬಾತನೇ ಮಿತಿ ದಾಟುತ್ತಿದ್ದ. ಕೂಲಿಕಾರನನ್ನೇ ಹೊರಗಿಡುವ ಮಿತಿಗೆ ಯಾರು ಹೊಂದುತ್ತಾರೆ? ಎಲ್ಲರೂ ಕಡಿಮೆ ಬರೆಸಿಕೊಂಡರು, ಬರೆದವರೂ ಬರೆದುಕೊಟ್ಟರು. ಮುಂದೆ ಆ ಮಿತಿಯನ್ನು 1 ಲಕ್ಷ 20 ಸಾವಿರಕ್ಕೆ ಏರಿಸಿದ್ದು ಬಹಳ ತಡವಾದ ಒಳ್ಳೆಯ ಕೆಲಸ.

ಆ ತಡದಿಂದ ಆದ ಹಾನಿ ನಮ್ಮ ಬ್ಯಾಂಕಿನ ಮೇಜಿನ ಮೇಲೆ ಕಾಣುತ್ತಿತ್ತು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಪಂಚಾಯಿತಿಗೆಂದು 30 ಸಾವಿರ ಎಂದು ಬರೆಸಿಕೊಂಡ ಅದೇ ಪತ್ರ ಮನೆಸಾಲದ ಅರ್ಜಿಯೊಂದಿಗೆ ನನ್ನ ಕೈಗೆ ಬರುತ್ತಿತ್ತು. ಯೋಜನೆಯ ಮುಂದೆ ತಾನು ಬಡವನೆಂದು ರುಜುವಾತು ಮಾಡಬೇಕು, ಬ್ಯಾಂಕಿನ ಮುಂದೆ ಬಡವನಲ್ಲವೆಂದು. ಸಂಬಳದ ಚೀಟಿ ಇದ್ದವರಿಗೆ ಈ ಇಕ್ಕಟ್ಟಿಲ್ಲ. ಹೊಲ, ಮಗ್ಗ, ಸಂತೆಯ ವ್ಯಾಪಾರ ನಂಬಿದವರಿಗೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಪಟ್ಟಣದ ಕತೆ ಬೇರೆ. ನಗರ ಭಾಗದ ಆವಾಸ್ ಯೋಜನೆಯ ಎರಡನೆಯ ಹಂತ 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಬಡ್ಡಿ ಸಹಾಯಧನ ಉಂಟು. ವರ್ಷಕ್ಕೆ 9 ಲಕ್ಷದವರೆಗೆ ಆದಾಯವಿರುವ ಕುಟುಂಬ, ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದಿದ್ದರೆ, 35 ಲಕ್ಷದೊಳಗಿನ ಮನೆಗೆ 25 ಲಕ್ಷದವರೆಗೆ ಸಾಲ ಮಾಡಬಹುದು. ಸಾಲದ ಮೊದಲ 8 ಲಕ್ಷಕ್ಕೆ, 12 ವರ್ಷದ ಲೆಕ್ಕದಲ್ಲಿ, ಶೇ 4ರಷ್ಟು ಬಡ್ಡಿಯನ್ನು ಕೇಂದ್ರ ಹೊರುತ್ತದೆ. ಕೈಗೆ ಬರುವುದು ಗರಿಷ್ಠ 1 ಲಕ್ಷ 80 ಸಾವಿರ, ಐದು ವಾರ್ಷಿಕ ಕಂತುಗಳಲ್ಲಿ. ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳುವ ಬಡವರಿಗೆ ಬೇರೆ ದಾರಿಯಿದೆ. ಅದರಲ್ಲಿ ಕೇಂದ್ರ, ರಾಜ್ಯ ಸೇರಿ ಎರಡೂವರೆ ಲಕ್ಷ.

ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯಿತಿ ಈ ಯೋಜನೆಯೊಳಗೆ ಬರುತ್ತವೆ. ಅವುಗಳ ಗಡಿ ದಾಟಿದರೆ ಈ ಬಡ್ಡಿ ಸಹಾಯವಿಲ್ಲ. ಅಭಿವೃದ್ಧಿ ಪ್ರಾಧಿಕಾರದ ಯೋಜನಾ ವ್ಯಾಪ್ತಿಗೆ ಸೇರಿದ ಹಳ್ಳಿಗಳ ಮಾತು ಮಾತ್ರ ಬೇರೆ. ಬೆಟಗೇರಿಯ ನೇಕಾರರನ್ನೂ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯ ನೇಕಾರರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಬ್ಬರದೂ ಮಗ್ಗದ ಬದುಕು, ಇಬ್ಬರ ಮನೆಯಲ್ಲೂ ಮಗ್ಗವೇ ಅರ್ಧ ಜಾಗ ಹಿಡಿಯುತ್ತದೆ. ಬೆಟಗೇರಿಯವರು ನಗರದವರಾದ್ದರಿಂದ ಬಡ್ಡಿ ಸಹಾಯ ಕೇಳಬಹುದು. ಶಿಗ್ಲಿಯವರು ಗ್ರಾಮ ಪಂಚಾಯಿತಿಯವರಾದ್ದರಿಂದ ಗ್ರಾಮೀಣ ಪಟ್ಟಿಯಲ್ಲಿ ಹೆಸರು ಹುಡುಕಬೇಕು. ಆ ಪಟ್ಟಿಯ ಹತ್ತು ಅಂಶಗಳಲ್ಲಿ ಸರ್ಕಾರದಲ್ಲಿ ನೋಂದಾಯಿಸಿದ ಕೃಷಿಯೇತರ ಉದ್ಯಮ ಇರಬಾರದು ಎಂಬುದೂ ಒಂದು. ಸವಲತ್ತು ಸಿಗಲೆಂದು ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ವಿದ್ಯುತ್ ಮಗ್ಗದವನು ಅಲ್ಲಿ ಸಿಕ್ಕಿಬೀಳಬಹುದು. ಪಟ್ಟಣದಲ್ಲಿ ಕುಟುಂಬಕ್ಕೆ 9 ಲಕ್ಷದವರೆಗೂ ನೆರವು, ಹಳ್ಳಿಯಲ್ಲಿ ಒಬ್ಬನ ದುಡಿಮೆ ವರ್ಷಕ್ಕೆ 1 ಲಕ್ಷ 80 ಸಾವಿರ ದಾಟಿದರೆ ಬಾಗಿಲು ಬಂದ್. ಇದಕ್ಕೆ ನನಗೆ ಸಮರ್ಥನೆ ಹೊಳೆಯುವುದಿಲ್ಲ.

ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ 1949ರ ವಸತಿ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣ ಗೃಹಸಾಲವನ್ನು ಕೃಷಿ ಇಲಾಖೆ ನೋಡಿಕೊಳ್ಳುತ್ತದೆ. ಅರ್ಜಿದಾರನ ಊರು ಹಳ್ಳಿಗಾಡಿನದು ಎಂಬುದೇ ಅಲ್ಲಿ ಮೊದಲ ಅರ್ಹತೆ. 35 ಸಾವಿರ ಜನಸಂಖ್ಯೆಯವರೆಗಿನ ಊರುಗಳೂ ಆ ವ್ಯಾಪ್ತಿಗೆ ಸೇರಬಹುದು. ಆ ಅಳತೆಯಲ್ಲಿ ಶಿರಹಟ್ಟಿ, ಮುಂಡರಗಿ ಪಟ್ಟಣಗಳೂ ಹಳ್ಳಿಗಳೇ. ಕುಟುಂಬದ ಆದಾಯ ಆ ಪ್ರದೇಶದ ನಡುಮಟ್ಟದ ಆದಾಯದ ಶೇ 115ನ್ನು ಮೀರಬಾರದು. ಅಂದರೆ ದೇಶಕ್ಕೆಲ್ಲ ಒಂದೇ ಅಂಕಿಯಲ್ಲ, ಆಯಾ ಸೀಮೆಯ ಬದುಕನ್ನು ನೋಡಿ ಮಿತಿ. ಸಾಲ ಕೊಡುವುದು ಬ್ಯಾಂಕು; ಮುಳುಗಿದರೆ ಸಾಲದ ಶೇ 90ರವರೆಗೆ ಸರ್ಕಾರದ ಖಾತರಿ. ನಮ್ಮಲ್ಲಿಯೂ 2012ರಲ್ಲಿ ಕಡಿಮೆ ಆದಾಯದವರ ಗೃಹಸಾಲಕ್ಕೆ ಖಾತರಿ ನಿಧಿಯೊಂದನ್ನು ಕೇಂದ್ರ ಸ್ಥಾಪಿಸಿತು, ಆದರೆ ಅದನ್ನೂ ನಗರದ ಬಡವರಿಗೆಂದೇ.

ಹಳ್ಳಿಯ ಮನೆಗೆ ಸಾಲ ಏಕೆ ಬೇಕು, 1 ಲಕ್ಷ 20 ಸಾವಿರ ಪುಗಸಟ್ಟೆ ಕೊಡುತ್ತಾರಲ್ಲ ಎನ್ನುವವರಿದ್ದಾರೆ. 2016ರಲ್ಲಿ ಗೊತ್ತುಮಾಡಿದ ಮೊತ್ತ ಅದು, 2024ರ ಮುಂದುವರಿಕೆಯಲ್ಲೂ ಅಷ್ಟೇ ಇದೆ. ಕನಿಷ್ಠ ಮನೆ 25 ಚದರ ಮೀಟರ್, ಸುಮಾರು 269 ಚದರಡಿ. ಚದರಡಿಗೆ 1,500 ರೂಪಾಯಿ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ 4 ಲಕ್ಷ. ಉದ್ಯೋಗ ಖಾತ್ರಿಯ 90 ದಿನದ ಕೂಲಿಯನ್ನು 2025-26ರ 370 ರೂಪಾಯಿ ದರದಲ್ಲಿ ಸೇರಿಸಿ, ಶೌಚಾಲಯದ 12 ಸಾವಿರ ಸೇರಿಸಿ: ಎಲ್ಲ ಕೂಡಿ 1 ಲಕ್ಷ 65 ಸಾವಿರ. ಉಳಿದ 2 ಲಕ್ಷ 35 ಸಾವಿರ ಎಲ್ಲಿಂದ ಬರಬೇಕು? ಬಯಸಿದವರಿಗೆ 70 ಸಾವಿರದವರೆಗೆ ಬ್ಯಾಂಕ್ ಸಾಲ ಕೊಡಿಸಿ ಎಂದು ಮಾರ್ಗಸೂಚಿಯಲ್ಲೇ ಇದೆ. ಅದನ್ನು ಪಡೆದವರನ್ನು ನಾನು ಕಂಡಿದ್ದು ತೀರ ಅಪರೂಪ. ರಾಜ್ಯದ ಯೋಜನೆಗಳಲ್ಲಿ ಬುನಾದಿ, ಗೋಡೆ, ಛಾವಣಿ, ಪೂರ್ಣ ಎಂದು ಹಂತಹಂತಕ್ಕೆ ಫೋಟೊ ತೆಗೆದು ಹಣ ಹಾಕುತ್ತಾರೆ; ಮೊದಲ ಹಂತ ಕೈಯಿಂದಲೇ ಮುಗಿಸಬೇಕು. ಆಗ ಹೆಣ್ಣುಮಕ್ಕಳ ಕೊರಳ ಬಂಗಾರ ಅಡವಿಗೆ ಹೋಗುತ್ತದೆ. ಅದೂ ಸಾಲದಿದ್ದರೆ ವಾರದ ಕಂತಿನ ಸಂಘದ ಸಾಲ. ಆ ಕಂತಿನ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮನೆ ಕಟ್ಟಲು ಹೋಗಿ ಮನೆ ಬಿಟ್ಟು ಓಡಿದವರ ಸುದ್ದಿ ಆ ದಿನಗಳಲ್ಲಿ ನಾವೆಲ್ಲ ಓದಿದ್ದೇವೆ.

ಬ್ಯಾಂಕಿನವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಗೃಹಸಾಲಕ್ಕೆ ಮನೆಯೇ ಅಡವು. ಅಡವಿಗೆ ಕಾಗದ ಬೇಕು. ಗಾಂವಠಾಣದ ಹಳೆಯ ಮನೆಗಳ ಉತಾರ ತೆಗೆಸಿದರೆ ತೀರಿಹೋದ ಅಜ್ಜನ ಹೆಸರು ಬರುತ್ತದೆ. ವಾರಸಾ ಆಗಿಲ್ಲ, ಅಣ್ಣತಮ್ಮಂದಿರ ವಾಟ್ನಿ ಬಾಯಿಮಾತಿನದು. 2013ರಿಂದ ಇ-ಸ್ವತ್ತು ಬಂದು ನಮೂನೆ 9, ನಮೂನೆ 11 ಕಂಪ್ಯೂಟರಿನಿಂದಲೇ ಸಿಗುವಂತಾದದ್ದು ದೊಡ್ಡ ಬದಲಾವಣೆ. 11-ಬಿ ತಂದವರಿಗೆ ಸಾಲ ಸಿಗುವುದು ಕಷ್ಟ, 11-ಎ ಆದರೆ ದಾರಿಯಿದೆ ಎಂಬುದು ಇಂದು ಹಳ್ಳಿಯ ಹುಡುಗರಿಗೂ ಗೊತ್ತು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗಾಂವಠಾಣ ಅಳೆದು ಆಸ್ತಿ ಕಾರ್ಡ್ ಕೊಡುವ ಕೆಲಸ ನಡೆದಿದೆ. ಕಪ್ಪತಗುಡ್ಡದ ಬುಡದ ಲಂಬಾಣಿ ತಾಂಡಾಗಳಂಥ ಕಡೆ ಹಕ್ಕುಪತ್ರ ಸಿಕ್ಕರೆ ಅದೊಂದು ಬದುಕೇ ಸಿಕ್ಕಂತೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದನ್ನು ನೋಡಿದ್ದೇವೆ. ಮನೆಯೊಡತಿಯ ಹೆಸರಿಗೆ ಮನೆ ಎಂದು ಯೋಜನೆಗಳು ಹೇಳುವುದು ಸರಿಯಾದದ್ದೇ. ಆದರೆ ಜಾಗ ಮಾವನ ಹೆಸರಲ್ಲೇ ಉಳಿದರೆ ಆಕೆಗೆ ಸಹಿ ಹಾಕಲು ಏನೂ ಇರುವುದಿಲ್ಲ. ನನ್ನ ಮೇಜಿನ ಮುಂದೆ ನಿಂತಿದ್ದ ಆ ತಾಯಿಯ ತೊಡಕು ಇದೇ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬೆಳೆಸಾಲದ ಮಿತಿಯನ್ನು ಸಿರಿತನದ ಅಳತೆಯಾಗಿ ಬಳಸುವುದನ್ನು ಪೂರ್ತಿ ಕೈಬಿಡಬೇಕು. ಒಣಭೂಮಿಯ ಮಿತಿಯನ್ನು ಮಳೆ, ಮಣ್ಣು ನೋಡಿ ಜಿಲ್ಲೆಗೊಂದರಂತೆ ಗೊತ್ತುಮಾಡಬೇಕು. ಬಡ್ಡಿ ಸಹಾಯಧನವನ್ನು ಪಟ್ಟಣದ ಗಡಿಯಲ್ಲಿ ನಿಲ್ಲಿಸದೆ ಹಳ್ಳಿಗೂ ತರಬೇಕು. ಅದನ್ನು ತಲುಪಿಸಲು ಹೊಸ ಸಂಸ್ಥೆ ಬೇಕಿಲ್ಲ. 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಸಹಕಾರಿ ಬ್ಯಾಂಕುಗಳ ಗೃಹಸಾಲದ ಮಿತಿಯನ್ನು ದುಪ್ಪಟ್ಟು ಅಥವಾ ಅದಕ್ಕೂ ಹೆಚ್ಚು ಏರಿಸಿತು. ಜಿಲ್ಲಾ ಮಟ್ಟದ ಸಣ್ಣ ಸಹಕಾರಿ ಬ್ಯಾಂಕು ಕೂಡ ಒಬ್ಬರಿಗೆ 50 ಲಕ್ಷದವರೆಗೆ ಕೊಡಬಹುದು. ನಮಗೆ 50 ಲಕ್ಷ ಬೇಡ, ಮೂರು ಲಕ್ಷ ಸಾಕು, ಹತ್ತು ವರ್ಷದ ಅವಧಿ, ಕಂತು ತಿಂಗಳಿಗಲ್ಲ, ಸುಗ್ಗಿಗೊಂದು. ಊರಿನ ಸೊಸೈಟಿಗೆ ಆ ಮನೆಯ ಮೂರು ತಲೆಮಾರಿನ ಸಾಲದ ಚರಿತ್ರೆ ಗೊತ್ತು. ಯಾರು ಬರಗಾಲದಲ್ಲೂ ಎಮ್ಮೆ ಮಾರಿ ಬಾಕಿ ಕಟ್ಟಿದರು ಎಂಬುದು ಕಾರ್ಯದರ್ಶಿಯ ಖಾತೆಪುಸ್ತಕದಲ್ಲಿದೆ, ಯಾವ ಸಿಬಿಲ್ ಅಂಕದಲ್ಲೂ ಇಲ್ಲ.

ಅಲ್ಲಿಯವರೆಗೆ ಒಂದು ಕೆಲಸವನ್ನು ನಾಳೆಯಿಂದಲೇ ಮಾಡಬಹುದು. ಗ್ರಾಮಸಭೆಯಲ್ಲಿ ಯಾರ ಹೆಸರನ್ನಾದರೂ ಪಟ್ಟಿಯಿಂದ ತೆಗೆದರೆ, ಯಾವ ಅಂಶಕ್ಕೆ ತೆಗೆದಿರಿ ಎಂದು ಕೇಳಿ, ಆ ಕಾರಣವನ್ನು ಠರಾವಿನ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ. ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಸಮಿತಿಗೆ ಹೋಗಲು ಆ ನಕಲು ಬೇಕು. ಬೆಳೆಸಾಲದ ಕಾರಣಕ್ಕೆ ಬಿಟ್ಟಿದ್ದರೆ ಅದನ್ನೂ ಬರೆಸಿ. ಅಂಥ ಮನೆಗಳು ಎಷ್ಟು ಎಂಬುದನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಪಂಚಾಯಿತಿಗಳಿಂದ ಒಟ್ಟುಮಾಡಿ ಜಿಲ್ಲಾ ಪಂಚಾಯಿತಿಗೂ ನಮ್ಮ ಸಂಸದರಿಗೂ ಕೊಡೋಣ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲು ನನ್ನಂಥ ಹಲವು ನಿವೃತ್ತ ಬ್ಯಾಂಕ್ ನೌಕರರು ಗದಗ ಸೀಮೆಯಲ್ಲಿದ್ದೇವೆ. ಪಹಣಿ, ಮನೆ ಉತಾರ, ಸೊಸೈಟಿಯ ಬಾಕಿ ಪತ್ರ, ಮನೆಯ ಒಳಗಿನ ಮಾಳಿಗೆಯದೊಂದು ಫೋಟೊ, ಇಷ್ಟು ತಂದರೆ ಸಾಕು.